ಜನಮೆಚ್ಚಿದ ಭಾಷಣವನ್ನು ಎಣಿಕೆಯಿಂದ ಕಟ್ಟಬಹುದೇ?

ಓದುಗರ ಪ್ರಶ್ನೆಗಳು, ಸಂಖ್ಯಾಶಾಸ್ತ್ರದ ಉತ್ತರಗಳು. ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ. ಸೆಬಾಸ್ಟಿಯನ್ ವೆರ್ನಿಕೆ ಎಂಬುವರು 2010ರಲ್ಲಿ ಟೆಡ್ ಎಂಬ ಹೆಸರಾಂತ ಭಾಷಣ ವೇದಿಕೆಯಲ್ಲಿ ಮಾಡಿದ ಕಿರುಭಾಷಣವೊಂದನ್ನು ನಮ್ಮ ಮೇಷ್ಟ್ರು ತರಗತಿಯಲ್ಲಿ ತೋರಿಸಿದರು. ಟೆಡ್ ಭಾಷಣಗಳನ್ನೇ ಲೆಕ್ಕಕ್ಕೆ ಒಡ್ಡಿ, ಸಂತೋಷ, ಮೆದುಳು, ಕಾಫಿ ಇಂಥವನ್ನು ಮಾತಿನಲ್ಲಿ ತನ್ನಿ, ವಾಸ್ತುಶಿಲ್ಪದ ಗೊಡವೆಗೆ ಹೋಗಬೇಡಿ, ಕೂದಲು ಸ್ವಲ್ಪ ಉದ್ದ ಬಿಡಿ, ಕನ್ನಡಕ ಹಾಕಿಕೊಳ್ಳಿ, ತೆರೆಯ ಮೇಲೆ ನೀಲಿ ಬಣ್ಣ ಹೆಚ್ಚಿರಲಿ ಎಂದು ಅವರು ಹೇಳುತ್ತಾ ಹೋದಾಗ ತರಗತಿಯೆಲ್ಲ ನಕ್ಕಿತು. ಆದರೆ ಭಾಷಣ ಸ್ಪರ್ಧೆಗೆ ಸಿದ್ಧಳಾಗುತ್ತಿರುವ ನನ್ನ ಗೆಳತಿ ಅದನ್ನೆಲ್ಲ ಬರೆದಿಟ್ಟುಕೊಂಡಿದ್ದಾಳೆ. ಆ ಅಂಕಿಅಂಶಗಳಲ್ಲಿ ಹುರುಳಿದೆಯೇ, ಅಥವಾ ಅದು ನಗಿಸುವುದಕ್ಕಷ್ಟೇ ಮಾಡಿದ್ದೇ? ನಮ್ಮ ಅಂತರಕಾಲೇಜು ಸ್ಪರ್ಧೆಗಳ ಭಾಷಣಗಳನ್ನು ನಾವೂ ಹೀಗೆ ಎಣಿಸಬಹುದೇ?

ಉತ್ತರ: ಎಣಿಕೆಯಲ್ಲಿ ಹುರುಳಿದೆ. ಭಾಷಣಗಳ ಲಿಖಿತ ಪಾಠ, ಅವುಗಳ ಅವಧಿ, ದೃಶ್ಯಗಳು ಮತ್ತು ನೋಡುಗರು ದಾಖಲಿಸಿದ ಮೆಚ್ಚುಗೆ ಎಲ್ಲವೂ ಟೆಡ್ ತಾಣದಲ್ಲಿ ಆಗಲೇ ಸಿಗುತ್ತಿದ್ದವು. ಅತಿ ಹೆಚ್ಚು ಮೆಚ್ಚುಗೆ ಪಡೆದ ಭಾಷಣಗಳನ್ನೂ ಅತಿ ಕಡಿಮೆ ಪಡೆದವನ್ನೂ ಎದುರುಬದುರು ಇಟ್ಟು, ಯಾವ ಗುಣ ಯಾವ ಕಡೆ ಹೆಚ್ಚು ಎಂದು ವೆರ್ನಿಕೆ ನೋಡಿದರು. ತಪ್ಪು ನುಸುಳುವುದು ಆಮೇಲೆ: ‘ಮೆಚ್ಚಿದ ಭಾಷಣಗಳಲ್ಲಿ ಕಾಫಿಯ ಮಾತು ಹೆಚ್ಚು ಬರುತ್ತದೆ’ ಎಂಬ ಎಣಿಕೆಯಿಂದ ‘ಕಾಫಿಯ ಮಾತೆತ್ತಿದರೆ ಭಾಷಣವನ್ನು ಜನ ಮೆಚ್ಚುತ್ತಾರೆ’ ಎಂಬ ಸಲಹೆಗೆ ಹಾರುವಾಗ. ವೆರ್ನಿಕೆ ಆ ಹಾರಿಕೆಯನ್ನು ಬೇಕೆಂದೇ, ಎಲ್ಲರ ಕಣ್ಣೆದುರು ಮಾಡಿ ತೋರಿಸಿದರು, ನಿಮ್ಮ ತರಗತಿಗೆ ನಗು ಬಂದದ್ದು ಅದಕ್ಕೇ. ನಗು ಬಂದ ಜಾಗವೇ ಪಾಠದ ಜಾಗ ಎಂದು ನಾನು ನಂಬುತ್ತೇನೆ, ಏಕೆಂದರೆ ಇದೇ ಹಾರಿಕೆಯನ್ನು ಗಂಭೀರವಾದ ಮುಖದಿಂದ ಮಾಡಿದಾಗ ನಾವು ನಗುವುದಿಲ್ಲ, ನಂಬಿಬಿಡುತ್ತೇವೆ.

ಪಿ.ಯು.ಸಿ. ಫಲಿತಾಂಶ ಬಂದ ಮರುದಿನದ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. ಹೆಚ್ಚು ಅಂಕ ಪಡೆದವರನ್ನು ಮಾತನಾಡಿಸಿ, ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದೆ, ಟಿ.ವಿ. ನೋಡುತ್ತಿರಲಿಲ್ಲ ಎಂಬ ಮಾತುಗಳನ್ನು ಅಚ್ಚು ಹಾಕುತ್ತಾರೆ. ಅದೇ ನಾಲ್ಕಕ್ಕೆ ಎದ್ದು, ಅದೇ ಟಿ.ವಿ.ಯಿಂದ ದೂರವಿದ್ದು, ಸಾಧಾರಣ ಅಂಕ ಪಡೆದ ಮಕ್ಕಳ ಮನೆಗೆ ಯಾರೂ ಹೋಗುವುದಿಲ್ಲ. ಹೋಗದ ತನಕ ನಾಲ್ಕರ ಎಚ್ಚರಕ್ಕೂ ಅಂಕಕ್ಕೂ ನಂಟಿದೆಯೇ ಎಂದು ಹೇಳಲು ಯಾವ ದಾರಿಯೂ ಇಲ್ಲ. ಗೆದ್ದವರನ್ನಷ್ಟೇ ನೋಡುವ ಈ ತಪ್ಪನ್ನು ವಿವರಿಸುವಾಗ ಅಬ್ರಹಾಂ ವಾಲ್ಡ್ ಅವರ ಕೆಲಸವನ್ನು ಹೇಳುವುದು ವಾಡಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ಸಂಶೋಧನಾ ತಂಡದಲ್ಲಿದ್ದರು. ಹಿಂದಿರುಗಿ ಬಂದ ಯುದ್ಧವಿಮಾನಗಳಲ್ಲಿ ಗುಂಡಿನ ತೂತು ಕಡಿಮೆ ಕಂಡ ಭಾಗಕ್ಕೇ ಹೆಚ್ಚಿನ ರಕ್ಷಣೆ ಬೇಕು, ಏಕೆಂದರೆ ಅಲ್ಲಿ ಪೆಟ್ಟು ತಿಂದ ವಿಮಾನಗಳು ಹಿಂದಿರುಗಲೇ ಇಲ್ಲ ಎಂಬುದು ಅವರ ತರ್ಕದ ತಿರುಳು. ಉಪನ್ಯಾಸ ನೀಡುವುದಕ್ಕೆಂದೇ ಭಾರತಕ್ಕೆ ಬಂದಿದ್ದ ವಾಲ್ಡ್ 1950ರ ಡಿಸೆಂಬರಿನಲ್ಲಿ, ನಮಗೆ ಇಷ್ಟು ಹತ್ತಿರದ ನೀಲಗಿರಿಯ ಬೆಟ್ಟಗಳಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಊಟಿಗೆ ಹೋಗುವ ಮೈಸೂರಿನ ವಿದ್ಯಾರ್ಥಿಗಳು ಅವರನ್ನು ಒಮ್ಮೆ ನೆನೆಯಬೇಕೆಂಬುದು ನನ್ನ ಬಹುದಿನದ ಆಸೆ.

ಇನ್ನು ಕನ್ನಡಕದ ವಿಚಾರ. ನೀವು 20 ಭಾಷಣಗಳನ್ನು ತೆಗೆದುಕೊಂಡು, ಬಹುಮಾನ ಬಂದ 10 ಒಂದು ಕಡೆ, ಬಾರದ 10 ಇನ್ನೊಂದು ಕಡೆ ಇಟ್ಟಿರೆಂದು ಭಾವಿಸೋಣ. ಬಹುಮಾನಿತರಲ್ಲಿ 6 ಮಂದಿಗೆ ಕನ್ನಡಕವಿದೆ, ಉಳಿದವರಲ್ಲಿ 3 ಮಂದಿಗೆ ಮಾತ್ರ. ಎರಡರಷ್ಟು ಎಂದು ಹೇಳಿಬಿಡಲು ನಾಲಗೆ ತುರಿಸುತ್ತದೆ. ಅದಕ್ಕೆ ಮೊದಲು 20 ಚೀಟಿಗಳನ್ನು ಮಾಡಿ, 9 ಚೀಟಿಗಳ ಮೇಲೆ ‘ಕನ್ನಡಕ’ ಎಂದು ಬರೆದು, ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ಕಣ್ಣು ಮುಚ್ಚಿ 10 ಚೀಟಿ ಎತ್ತಿ. ಹೀಗೆ 100 ಸಲ ಮಾಡಿದರೆ ಸುಮಾರು 18 ಸಲ ನಿಮ್ಮ ಕೈಗೆ ಆರು ಅಥವಾ ಅದಕ್ಕೂ ಹೆಚ್ಚು ‘ಕನ್ನಡಕ’ಗಳು ಬರುತ್ತವೆ. ಡಬ್ಬಿಗೆ ಭಾಷಣವೂ ಗೊತ್ತಿಲ್ಲ, ಬಹುಮಾನವೂ ಗೊತ್ತಿಲ್ಲ. ಬರೀ ಅದೃಷ್ಟದಿಂದ ಇಷ್ಟು ಸುಲಭವಾಗಿ ಬರುವ ವ್ಯತ್ಯಾಸವನ್ನು ಗುಟ್ಟು ಬಯಲಾಯಿತೆಂದು ಸಾರಲಾಗದು. ಈ ಚೀಟಿಯ ಪ್ರಯೋಗವನ್ನು ನಾನು ಅನೇಕ ವರ್ಷ ತರಗತಿಯಲ್ಲಿ ಮಾಡಿಸಿದ್ದೇನೆ. ಸೂತ್ರ ಬರೆದು ಒಂದು ವಾರ ವಿವರಿಸಿದರೂ ತಲೆಗೆ ಹೋಗದ ಸಂಗತಿ ಚೀಟಿ ಎತ್ತಿದ ಅರ್ಧ ಗಂಟೆಯಲ್ಲಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕನ್ನಡಕ, ಕೂದಲು, ಸೀರೆಯ ಬಣ್ಣ, ಗಾದೆಗಳ ಸಂಖ್ಯೆ, ನಿಂತ ಜಾಗ, ನೀರು ಕುಡಿದ ಸಲ ಎಂದು 20 ಗುಣಗಳನ್ನು ನೀವು ಎಣಿಸಿದಿರಿ ಎನ್ನಿ. ಒಂದಕ್ಕೊಂದು ನಂಟಿಲ್ಲದ ಈ ಗುಣಗಳಲ್ಲಿ ಯಾವುದಕ್ಕೂ ಬಹುಮಾನದೊಡನೆ ನಿಜವಾದ ಸಂಬಂಧ ಇಲ್ಲದಿದ್ದರೂ, ನೂರಕ್ಕೆ ಐದರ ಮಟ್ಟದಲ್ಲಿ, ಅಂದರೆ ಬರೀ ಅದೃಷ್ಟದಿಂದ ನೂರರಲ್ಲಿ ಐದು ಸಲ ಮಾತ್ರ ಬರುವಂಥ ವ್ಯತ್ಯಾಸವನ್ನು ‘ಮುಖ್ಯ’ವೆಂದು ಕರೆಯುವ ನಿಯಮದಿಂದ ಪರೀಕ್ಷಿಸಿದರೆ, ಅವುಗಳಲ್ಲಿ ಒಂದಾದರೂ ‘ಮುಖ್ಯ’ ಎಂದು ತೋರುವ ಸಂಭವನೀಯತೆ ನೂರಕ್ಕೆ 64. ಗುಣಗಳ ಬದಲು ಪದಗಳನ್ನು ಎಣಿಸಲು ಹೊರಟರೆ ಕೇಳುವುದೇ ಬೇಡ: ನೂರಿನ್ನೂರು ಪದಗಳ ಪಟ್ಟಿಯಲ್ಲಿ ಐದೋ ಹತ್ತೋ ಪದಗಳು ಸುಮ್ಮನೆ ಹೊಳೆಯುತ್ತವೆ, ಮತ್ತು ಹೊಳೆದವಕ್ಕೆ ಕಾರಣ ಹೊಂದಿಸುವುದರಲ್ಲಿ ಮನುಷ್ಯನ ಬುದ್ಧಿ ಎಂದೂ ಸೋಲುವುದಿಲ್ಲ.

ರೂಪಕ್ಕೆ ಸಂಬಂಧಿಸಿದ ಸಲಹೆಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೈಸೂರಿನ ಆಕಾಶವಾಣಿ ನೆನಪಾಗುತ್ತದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಅದನ್ನು ಆರಂಭಿಸಿದರು. ಬಾನುಲಿಯಲ್ಲಿ ಕೇಳುಗನಿಗೆ ಮಾತುಗಾರನ ಕೂದಲಾಗಲಿ ಕನ್ನಡಕವಾಗಲಿ ಕಾಣಿಸುವುದಿಲ್ಲ, ಆದರೂ ಕೆಲವರ ಭಾಷಣಕ್ಕೆ ಮನೆಮಂದಿಯೆಲ್ಲ ರೇಡಿಯೋದ ಸುತ್ತ ಕೂರುತ್ತಿದ್ದರು, ಕೆಲವರದು ಬಂದಾಗ ಎದ್ದು ಹೋಗುತ್ತಿದ್ದರು. ಒಂದು ಗುಣವನ್ನು ಕಾರಣವೆಂದು ಕರೆಯುವ ಮುನ್ನ ಆ ಗುಣ ಇಲ್ಲದ ಕಡೆ ಏನಾಗುತ್ತದೆಂದು ಹೀಗೆ ನೋಡಬೇಕು.

ನೀವು ಖಂಡಿತ ಎಣಿಸಿ. ಆದರೆ ಎಲ್ಲ ಸ್ಪರ್ಧಿಗಳನ್ನೂ ಎಣಿಸಿ, ಮಧ್ಯದಲ್ಲಿ ಉಳಿದವರನ್ನು ಕೈಬಿಡಬೇಡಿ. ಎಣಿಸಬೇಕಾದ ಗುಣಗಳನ್ನು, ಐದಾರಕ್ಕೆ ಮೀರದಂತೆ, ಭಾಷಣ ಕೇಳುವ ಮೊದಲೇ ಬರೆದಿಡಿ. ಈ ವರ್ಷ ಕಂಡ ನಿಯಮವನ್ನು ಲಕೋಟೆಯಲ್ಲಿ ಮುಚ್ಚಿಟ್ಟು, ಮುಂದಿನ ವರ್ಷದ ಸ್ಪರ್ಧೆಯಲ್ಲಿ ತೀರ್ಪು ಬರುವ ಮುನ್ನ ಅದರಿಂದ ಫಲಿತಾಂಶವನ್ನು ಊಹಿಸಿ ನೋಡಿ. ಊಹೆ ನಿಂತರೆ ನನಗೂ ಬರೆದು ತಿಳಿಸಿ. ನಿಮ್ಮ ಗೆಳತಿಗೆ ಹೇಳಬಹುದಾದ ಒಂದು ಮಾತೂ ಇದೆ. ಕೇಳುವವರು ತಮ್ಮ ಬದುಕಿಗೆ ಸುಲಭವಾಗಿ ಜೋಡಿಸಿಕೊಳ್ಳಬಲ್ಲ ವಿಷಯಗಳು, ಅಂದರೆ ದೇಹ, ಊಟ, ಭಾವನೆ ಇಂಥವು ಮೆಚ್ಚುಗೆಯ ಕಡೆ ಹೆಚ್ಚು ಕಂಡವು ಎಂಬ ವೆರ್ನಿಕೆಯವರ ಗಮನಿಕೆಯನ್ನು ನಾನು ತಳ್ಳಿಹಾಕಲಾರೆ. ಅದು ಒಂದೆರಡು ಪದಗಳ ಮೇಲೆ ನಿಂತದ್ದಲ್ಲ, ಒಂದೇ ಜಾತಿಯ ಅನೇಕ ವಿಷಯಗಳು ಒಂದೇ ದಿಕ್ಕಿಗೆ ವಾಲಿದ್ದರಿಂದ ಬಂದದ್ದು.

ಪ್ರಶ್ನೆ: ಟೆಡ್‌ನಲ್ಲಿ ಭಾಷಣಕ್ಕೆ 18 ನಿಮಿಷದ ಮಿತಿ ಇದೆಯಂತೆ. ಆದರೂ ಉದ್ದದ ಭಾಷಣಗಳೇ ಹೆಚ್ಚು ಮೆಚ್ಚುಗೆ ಪಡೆದವೆಂದು ವೆರ್ನಿಕೆ ಹೇಳುತ್ತಾರೆ. ನಮ್ಮ ಸಭೆಗಳಿಗೆ ಯಾವುದನ್ನು ಅನ್ವಯಿಸಬೇಕು? (ಕೃಷ್ಣರಾಜನಗರದಿಂದ ಒಬ್ಬ ಓದುಗರು)

ಉತ್ತರ: 18 ನಿಮಿಷವೆಂಬುದು ವ್ಯವಸ್ಥಾಪಕರು ಹಾಕಿದ ಕಟ್ಟಳೆ. ಆ ಕಟ್ಟಳೆಯೊಳಗೆ ಮೂರು ನಿಮಿಷದ, ಆರು ನಿಮಿಷದ ಕಿರುಮಾತುಗಳೂ ಇರುತ್ತವೆ, ಅವು ಬೇರೆ ಬಗೆಯವು. ಪೂರ್ಣ ಅವಧಿಯನ್ನು ಯಾರಿಗೆ ಕೊಡಬೇಕೆಂದು ಮೊದಲೇ ಆರಿಸಿರುತ್ತಾರಾದ್ದರಿಂದ ಉದ್ದದಿಂದ ಮೆಚ್ಚುಗೆ ಬಂತೋ, ಮೆಚ್ಚುಗೆ ಪಡೆಯಬಲ್ಲವರಿಗೆ ಉದ್ದದ ಅವಕಾಶ ಸಿಕ್ಕಿತೋ ಎಂಬುದನ್ನು ಎಣಿಕೆಯೊಂದೇ ಬಿಡಿಸಿ ಹೇಳಲಾರದು. ನಮ್ಮ ಕಡೆಯ ಸಭೆಗಳನ್ನು ಅಳೆಯುವುದಾದರೆ ಎರಡು ಗಡಿಯಾರ ಬೇಕು: ಭಾಷಣಕಾರರು ಮಾತು ಆರಂಭಿಸಿ ಎಷ್ಟು ಹೊತ್ತಾಯಿತು ಎಂಬುದಕ್ಕೆ ಒಂದು, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರತುರಾಯಿ ಎಲ್ಲ ಸೇರಿ ಜನ ಕುರ್ಚಿಯಲ್ಲಿ ಕೂತು ಎಷ್ಟು ಹೊತ್ತಾಯಿತು ಎಂಬುದಕ್ಕೆ ಇನ್ನೊಂದು. ಕೊನೆಯ ಬಸ್ಸಿಗೆ ಎದ್ದು ಹೋದವರನ್ನು ಭಾಷಣಕಾರರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಬಳಗ ತಿಂಗಳಿಗೊಂದು ಉಪನ್ಯಾಸ ಏರ್ಪಡಿಸಿ ಯೂಟ್ಯೂಬಿಗೆ ಹಾಕುತ್ತದೆ. ಕಳೆದ ವರ್ಷದ 12 ಉಪನ್ಯಾಸಗಳಲ್ಲಿ 11ಕ್ಕೆ ತಲಾ 150ರ ಆಸುಪಾಸಿನಲ್ಲಿ ವೀಕ್ಷಣೆ ಬಂದಿದೆ, ಒಂದಕ್ಕೆ ಮಾತ್ರ 24,000. ಸರಾಸರಿ 2,000 ದಾಟಿತೆಂದು ಹಿರಿಯರು ಸಂತೋಷಪಟ್ಟಿದ್ದಾರೆ. ಆ ಒಬ್ಬರು ಉಪನ್ಯಾಸಕರನ್ನೇ ಈ ವರ್ಷ ಮೂರು ಸಲ ಕರೆಯಬೇಕೆಂಬ ಮಾತೂ ಇದೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ನಿಮ್ಮ ಹಿರಿಯರ ಗುಣಾಕಾರ, ಭಾಗಾಕಾರ ಸರಿಯಾಗಿದೆ, ಸರಾಸರಿ 2,137ರಷ್ಟು ಬರುತ್ತದೆ. ಆದರೆ 2,000ದ ಸುತ್ತಮುತ್ತ ವೀಕ್ಷಣೆ ಪಡೆದ ಉಪನ್ಯಾಸ ನಿಮ್ಮಲ್ಲಿ ಒಂದೂ ಇಲ್ಲ. ಮಧ್ಯಾಂಕವನ್ನು, ಅಂದರೆ ಸಂಖ್ಯೆಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವುದನ್ನು, ತೆಗೆದರೆ 150ರ ಹತ್ತಿರ ನಿಲ್ಲುತ್ತದೆ, ನಿಮ್ಮ ಬಳಗದ ಸಾಮಾನ್ಯ ಸಂಜೆಯ ಅಳತೆ ಅದೇ. ಎರಡನ್ನೂ ವರದಿಯಲ್ಲಿ ಬರೆಯಿರಿ. 150 ಜನ ಒಂದು ಉಪನ್ಯಾಸವನ್ನು ಹುಡುಕಿಕೊಂಡು ಬಂದು ಕೇಳುವುದು ನಾಚಿಕೆಪಡುವ ಸಂಗತಿಯಲ್ಲ.

24,000ದ ಬಗ್ಗೆ ಎಚ್ಚರಿಕೆಯಿಂದ ಯೋಚಿಸಬೇಕು. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಪ್ರಕಟಿಸಿದ ಪ್ರಯೋಗವೊಂದಿದೆ. ಯಾರೂ ಕೇಳಿರದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದೆ ಇಟ್ಟು, ಕೆಲವರಿಗೆ ಹಾಡುಗಳನ್ನಷ್ಟೇ ತೋರಿಸಿದರು; ಉಳಿದವರನ್ನು ಒಂದಕ್ಕೊಂದು ಸಂಪರ್ಕವಿಲ್ಲದ ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಇತರರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಾಣುತ್ತಿದ್ದ ಗುಂಪುಗಳಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ಅಂತರ ಬಹಳ ಹಿಗ್ಗಿತು, ಆದರೆ ಯಾವ ಹಾಡು ಗೆಲ್ಲುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ತೀರ ಒಳ್ಳೆಯವು ಸೋತದ್ದು ಅಪರೂಪ, ತೀರ ಕಳಪೆಯವು ಗೆದ್ದದ್ದೂ ಅಪರೂಪ. ನಡುವಿನ ದೊಡ್ಡ ರಾಶಿಗೆ ಏನು ಬೇಕಾದರೂ ಆಗುತ್ತಿತ್ತು. ಯೂಟ್ಯೂಬಿನಲ್ಲಿ ವೀಕ್ಷಣೆಯ ಸಂಖ್ಯೆ ಪ್ರತಿಯೊಬ್ಬರ ಕಣ್ಣಿಗೂ ಬೀಳುತ್ತದೆ, ಯಾರೋ ಒಬ್ಬರು ವಾಟ್ಸಾಪ್ ಗುಂಪಿಗೆ ಹಾಕಿದ್ದು ಹತ್ತು ಗುಂಪಿಗೆ ಹಬ್ಬುತ್ತದೆ. ಆದ್ದರಿಂದ ಆ ಉಪನ್ಯಾಸ ಚೆನ್ನಾಗಿರಬಹುದು ಎನ್ನಲು ಅಡ್ಡಿಯಿಲ್ಲ, ಉಳಿದವಕ್ಕಿಂತ 160 ಪಾಲು ಚೆನ್ನಾಗಿದೆ ಎನ್ನಲು ಆಧಾರವಿಲ್ಲ.

ಅವರನ್ನು ಮತ್ತೆ ಕರೆಯಿರಿ, ಆದರೆ 24,000 ನಿರೀಕ್ಷಿಸಿ ಅವರಿಗೂ ನಿಮಗೂ ನೋವು ಮಾಡಿಕೊಳ್ಳಬೇಡಿ. ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಯ ಕಡೆಗೆ ಸರಿಯುತ್ತಾರೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದರು. ಅದೃಷ್ಟದ ಪಾಲಿರುವ ಎಲ್ಲ ಅಳತೆಗಳಲ್ಲೂ ಹಾಗೆಯೇ ಆಗುತ್ತದೆ. ಎರಡನೆಯ ಸಲ ಸಾವಿರಕ್ಕೆ ನಿಂತರೆ ‘ಸಾರ್ ಈಗ ಮೊದಲಿನ ಹಾಗೆ ಮಾತಾಡೋದಿಲ್ಲ’ ಎಂಬ ಮಾತು ಹುಟ್ಟುತ್ತದೆ, ಅದು ಆ ಉಪನ್ಯಾಸಕರಿಗೆ ಮಾಡುವ ಅನ್ಯಾಯ.

ವೀಕ್ಷಣೆಯನ್ನೇ ಅಳತೆಗೋಲು ಮಾಡಿಕೊಳ್ಳಬೇಕೇ ಎಂಬುದನ್ನೂ ಬಳಗ ಚರ್ಚಿಸಲಿ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಮಾಡಿದ ಭಾಷಣವನ್ನು ನಾವು ನೂರು ವರ್ಷದ ಮೇಲೂ ಉಲ್ಲೇಖಿಸುತ್ತಿದ್ದೇವೆ. ಅಂದು ಸಭಾಂಗಣದಲ್ಲಿ ಎಷ್ಟು ಜನರಿದ್ದರು ಎಂಬುದರಿಂದ ಅದರ ತೂಕ ಬಂದದ್ದಲ್ಲ. ಮಂಡ್ಯದಲ್ಲಿ 1974, 1994 ಮತ್ತು 2024ರಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದಿವೆ. ಮೂರನ್ನೂ ಕಂಡ ಹಿರಿಯರು ನಿಮ್ಮ ಊರಿನಲ್ಲೇ ಸಿಗುತ್ತಾರೆ. ಯಾವ ಭಾಷಣದ ಯಾವ ಮಾತು ಇನ್ನೂ ನೆನಪಿದೆ ಎಂದು ಅವರನ್ನು ಕೇಳಿ ಬರೆದಿಟ್ಟುಕೊಂಡರೆ ನಿಮ್ಮ ಬಳಗಕ್ಕೆ ಯೂಟ್ಯೂಬ್ ಕೊಡಲಾರದ ದತ್ತಾಂಶ ದೊರೆಯುತ್ತದೆ.

ಪ್ರಶ್ನೆ: ನಾನು ಶ್ರೀರಂಗಪಟ್ಟಣದ ಕಡೆಯ ಕನ್ನಡ ಉಪನ್ಯಾಸಕಿ. ‘ನೀವು’ ಎಂದು ಕೇಳುಗರನ್ನು ಉದ್ದೇಶಿಸಿ ಹೇಳುವ ಭಾಷಣಗಳನ್ನು ಜನ ಮೆಚ್ಚುತ್ತಾರೆಂದು ಓದಿ, ಹತ್ತಾರು ಕನ್ನಡ ಭಾಷಣಗಳನ್ನು ಬರಹಕ್ಕಿಳಿಸಿ ಕಂಪ್ಯೂಟರಿನಲ್ಲಿ ‘ನೀವು’ ಎಂಬ ಪದವನ್ನು ಎಣಿಸಿದೆ. ಬಹಳ ಮೆಚ್ಚುಗೆ ಪಡೆದವುಗಳಲ್ಲೂ ಅದು ಅಷ್ಟಾಗಿ ಕಾಣಲಿಲ್ಲ. ನಮ್ಮ ಭಾಷಣಕಾರರು ಕೇಳುಗರನ್ನು ಮರೆತು ಮಾತನಾಡುತ್ತಾರೆಂದು ಇದರಿಂದ ತೀರ್ಮಾನಿಸಬಹುದೇ?

ಉತ್ತರ: ಬೇಡ. ಈ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ನಿಮ್ಮದು, ಏಕೆಂದರೆ ಇಲ್ಲಿ ಸಂಖ್ಯಾಶಾಸ್ತ್ರಕ್ಕಿಂತ ಮೊದಲು ಕನ್ನಡ ವ್ಯಾಕರಣ ಉತ್ತರ ಕೊಡಬೇಕಾಗಿದೆ. ‘ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಮುಂದೆ ಬಂದು ಕೂತುಕೊಳ್ಳಿ, ಇನ್ನು ಹತ್ತು ನಿಮಿಷ ಕೇಳಿ’ ಎಂಬ ವಾಕ್ಯದಲ್ಲಿ ಕೇಳುಗರನ್ನು ಮೂರು ಸಲ ಕರೆದಾಯಿತು, ‘ನೀವು’ ಒಂದು ಸಲವೂ ಬರಲಿಲ್ಲ. ಇಂಗ್ಲಿಷಿನಲ್ಲಿ ಪ್ರತ್ಯೇಕ ಪದವಾಗಿ ನಿಲ್ಲುವ ಸರ್ವನಾಮ ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲಿ ಅಡಗಿ ಕೂತಿರುತ್ತದೆ. ‘ನೀವು’ ಎಂದು ಬಿಡಿಸಿ ಹೇಳುವುದು ಹೆಚ್ಚಾಗಿ ಒತ್ತು ಕೊಡಲು, ಇಲ್ಲವೇ ಬೇರೆಯವರಿಂದ ಪ್ರತ್ಯೇಕಿಸಲು. ಅದು ಬಂದರೂ ನಿಮ್ಮ, ನಿಮಗೆ, ನಿಮ್ಮಲ್ಲಿ, ನೀವೆಲ್ಲರೂ, ನಿಮಗೂ ಎಂದು ಹಲವು ವೇಷದಲ್ಲಿ ಬರುತ್ತದೆ. ಕಂಪ್ಯೂಟರು ಒಂದು ವೇಷವನ್ನಷ್ಟೇ ಎಣಿಸಿರುತ್ತದೆ.

ಹಾಗೆಂದು ‘ಇ’ಕಾರಾಂತ ಕ್ರಿಯೆಗಳನ್ನೆಲ್ಲ ಎಣಿಸಿದರೂ ತೊಡಕು ತಪ್ಪದು. ‘ಅಲ್ಲಿ ನೋಡಿ’ ಎಂಬಲ್ಲಿ ‘ನೋಡಿ’ ಕೇಳುಗರಿಗೆ ಹೇಳಿದ್ದು, ‘ಕನ್ನಂಬಾಡಿ ಕಟ್ಟೆಯನ್ನು ನೋಡಿ ಬಂದೆ’ ಎಂಬಲ್ಲಿ ಅದೇ ‘ನೋಡಿ’ ಭೂತನ್ಯೂನ, ಅಂದರೆ ಮುಂದಿನ ಕ್ರಿಯೆಗೆ ಮೊದಲೇ ಮುಗಿದ ಕ್ರಿಯೆ. ಕೇಳಿ, ಮಾಡಿ, ಹೋಗಿ ಎಲ್ಲದರ ಪಾಡೂ ಇದೇ. ‘ನಾವು’ ಎಂಬುದಂತೂ ಇನ್ನೂ ಸೂಕ್ಷ್ಮ. ಕೇಳುಗರನ್ನು ಸೇರಿಸಿಕೊಂಡ ‘ನಾವು’, ಸೇರಿಸಿಕೊಳ್ಳದ ‘ನಾವು’ ಎಂದು ತುಳುವಿನಲ್ಲಿ ಎರಡು ಪದಗಳಿವೆ. ಇಂದಿನ ಕನ್ನಡದಲ್ಲಿ ಒಂದೇ. ‘ನಾವು ನಿಮಗಾಗಿ ದುಡಿದೆವು’ ಎಂಬ ‘ನಾವು’ ಕೇಳುಗನನ್ನು ಆಚೆ ನಿಲ್ಲಿಸುತ್ತದೆ, ‘ನಾವೆಲ್ಲ ಕಾವೇರಿ ನೀರು ಕುಡಿದವರು’ ಎಂಬ ‘ನಾವು’ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ನಿಮ್ಮ ಕಡೆಯ ಸಭೆಗಳಲ್ಲಿ ಮಾತು ರಂಗೇರಿದಾಗ ‘ಇದೆ’ ಹೋಗಿ ‘ಅದೆ’, ‘ಐತೆ’ ಬರುತ್ತವೆ, ‘ಬಂದಿದ್ದಾರೆ’ ಹೋಗಿ ‘ಬಂದವ್ರೆ’ ಬರುತ್ತದೆ. ಭಾಷಣಕಾರರು ಕೇಳುಗರಿಗೆ ಹತ್ತಿರವಾದ ಕ್ಷಣದ ಗುರುತು ಅಲ್ಲೇ ಇರಬಹುದೆಂದು ನನಗೆ ತೋರುತ್ತದೆ, ಆದರೆ ಬರಹಕ್ಕಿಳಿಸುವವರು ಅದನ್ನು ತಿದ್ದಿ ಗ್ರಾಂಥಿಕ ಮಾಡಿಬಿಡುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಚ್ಚಾಗಿವೆ, ಬಹಳ ಬೆಲೆಯುಳ್ಳವು. ಅಚ್ಚಿಗೆಂದು ಹದಗೊಂಡ ಪಾಠವಾದ್ದರಿಂದ ವಿಷಯದ ಅಧ್ಯಯನಕ್ಕೆ ಅವು ಒದಗುತ್ತವೆ, ಆಡುಮಾತಿನ ಎಣಿಕೆಗೆ ಒದಗುವುದು ಕಷ್ಟ.

ಆದ್ದರಿಂದ ಧ್ವನಿಮುದ್ರಣ ಕೇಳಿ, ಆಡಿದ್ದನ್ನು ಆಡಿದಂತೆಯೇ ಬರೆದುಕೊಳ್ಳಿ. ಸಾವಿರ ಪದಕ್ಕೆ ಇಷ್ಟು ಎಂಬ ದರವನ್ನು ಇಂಗ್ಲಿಷಿನ ದರದೊಡನೆ ಹೋಲಿಸಬೇಡಿ. ಅವರು ನಾಲ್ಕು ಪದಗಳಲ್ಲಿ ಹೇಳುವುದನ್ನು ನಾವು ಪ್ರತ್ಯಯ ಹಚ್ಚಿ ಒಂದರಲ್ಲಿ ಮುಗಿಸುತ್ತೇವಾದ್ದರಿಂದ ನಿಮಿಷಕ್ಕೆ ಎಷ್ಟು ಎಂದು ಲೆಕ್ಕ ಹಾಕುವುದು ಮೇಲು. ಯಾವ ‘ನೋಡಿ’ ಕೇಳುಗರಿಗೆ ಹೇಳಿದ್ದು ಎಂದು ನಿಮ್ಮ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಕೂತು ಗುರುತು ಹಾಕಲಿ. 100ರಲ್ಲಿ 80 ಕಡೆ ಇಬ್ಬರ ಗುರುತೂ ಒಂದೇ ಆಯಿತೆಂದು ತೃಪ್ತರಾಗಬೇಡಿ. ಇಬ್ಬರೂ ನೂರಕ್ಕೆ 70ರಂತೆ ‘ಹೌದು’ ಎಂದು ಕಣ್ಣುಮುಚ್ಚಿ ಬರೆದಿದ್ದರೂ 58 ಕಡೆ ತಾನಾಗಿಯೇ ಹೊಂದಿಕೆಯಾಗುತ್ತಿತ್ತು. ಅದನ್ನು ಕಳೆದು ನೋಡಿದರೆ ಉಳಿದ 42ರಲ್ಲಿ 22 ಮಾತ್ರ ಅವರ ತಿಳಿವಳಿಕೆಯಿಂದ ಬಂದ ಒಪ್ಪಿಗೆ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟಾದರೆ ಇಬ್ಬರನ್ನೂ ಕೂರಿಸಿ, ಭಿನ್ನವಾದ ಕಡೆಗಳನ್ನು ಚರ್ಚಿಸಿ, ನಿಯಮವನ್ನು ಬಿಗಿ ಮಾಡಿ, ಹೊಸ ಭಾಷಣಗಳ ಮೇಲೆ ಮತ್ತೊಮ್ಮೆ ಗುರುತು ಹಾಕಿಸಿ. ಯಾವ ಭಾಷಣಕ್ಕೆ ಎಷ್ಟು ಮೆಚ್ಚುಗೆ ಸಿಕ್ಕಿದೆ ಎಂಬ ಪಟ್ಟಿಯನ್ನು, ಅವರಿಬ್ಬರೂ ಗುರುತು ಹಾಕಿ ಮುಗಿಸುವ ತನಕ, ನಿಮ್ಮ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಳ್ಳಿ.